ಲಾಂಛನ ಬೇರೆ, ಬಂಡಿ ಒಂದೇ

ಅಡಿಕೆಗೆ ಒಳ್ಳೆಯ ಧಾರಣೆ ಸಿಕ್ಕ ವರ್ಷ ನಮ್ಮ ಮಲೆನಾಡಿನ ಅಂಗಳಗಳಲ್ಲಿ ಮೊದಲು ಬದಲಾಗುವ ವಸ್ತು ಕಾರು. ಬದಲಾಗುವ ಕಾರು ಕೆಟ್ಟು ನಿಂತದ್ದೇನೂ ಆಗಿರುವುದಿಲ್ಲ. ಅದು ಘಾಟಿ ಹತ್ತುತ್ತದೆ, ಇಳಿಯುತ್ತದೆ. ಆಷಾಢದ ಮಳೆಯಲ್ಲಿ ವಾರಗಟ್ಟಲೆ ಕೊಟ್ಟಿಗೆಯ ಮಗ್ಗುಲಲ್ಲಿ ನಿಂತಿದ್ದರೂ ಕರೆದ ಕೂಡಲೇ ಓಗೊಡುತ್ತದೆ. ಅದರ ಅಪರಾಧ ಒಂದೇ. ಮದುವೆಯ ಚಪ್ಪರದ ಮುಂದೆ ನಿಂತಾಗ ಅದರ ಮೂತಿಯ ಮೇಲಿನ ಲಾಂಛನವು ಯಾರ ಕತ್ತನ್ನೂ ತಿರುಗಿಸುವುದಿಲ್ಲ. ಇಷ್ಟೇ ಕಾರಣಕ್ಕೆ ಬ್ಯಾಂಕಿನ ಸಾಲದ ಅರ್ಜಿ ಭರ್ತಿಯಾಗುತ್ತದೆ. ಮುಂದಿನ ಏಳು ಕೊಯ್ಲುಗಳು ಕಂತಿಗೆ ಒತ್ತೆಯಾಗುತ್ತವೆ.

ಹೀಗೆ ಕೊಂಡವರನ್ನು ಕೇಳಿ ನೋಡಿ. ಪ್ರತಿಷ್ಠೆಗಾಗಿ ಕೊಂಡೆವೆಂದು ಯಾರೂ ಒಪ್ಪುವುದಿಲ್ಲ. "ಆ ಕಂಪನಿಯದು ನಂಬಿಕಸ್ಥ ಗಾಡಿ, ಕೆಡುವುದೇ ಇಲ್ಲ" ಎನ್ನುತ್ತಾರೆ. ಪ್ರತಿಷ್ಠೆಯ ಆಸೆ ನಮ್ಮ ಮನೆಗಳೊಳಗೆ ಬರುವುದು ನಂಬಿಕೆಯ ವೇಷದಲ್ಲಿ. ಆದುದರಿಂದ ಆ ನಂಬಿಕೆ ನಿಜಕ್ಕೂ ಲಾಂಛನದಲ್ಲಿದೆಯೇ ಎಂಬುದನ್ನು ನಾವು ಒಮ್ಮೆ ನೆಟ್ಟಗೆ ಪರೀಕ್ಷಿಸಲೇಬೇಕು.

ಬೆಂಗಳೂರು–ಮೈಸೂರು ಹೆದ್ದಾರಿಯ ಬಿಡದಿಯನ್ನು ನೋಡೋಣ. ಅಲ್ಲಿನ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2022ರಲ್ಲಿ ಎರಡು ಕಾರುಗಳ ತಯಾರಿಕೆ ಆರಂಭವಾಯಿತು. ಒಂದು ಟೊಯೋಟಾದ ಅರ್ಬನ್ ಕ್ರೂಸರ್ ಹೈರೈಡರ್, ಇನ್ನೊಂದು ಮಾರುತಿ ಸುಜುಕಿಯ ಗ್ರ್ಯಾಂಡ್ ವಿಟಾರಾ. ಎರಡರ ಅಡಿಪಾಯ ಒಂದೇ, ಎಂಜಿನ್‌ಗಳು ಅವೇ, ಜೋಡಿಸಿದ ಕಾರ್ಮಿಕರ ಬೆವರೂ ಒಂದೇ. ಮುಂಭಾಗದ ಜಾಲರಿ, ದೀಪಗಳ ಆಕಾರ ಮತ್ತು ಲಾಂಛನ ಮಾತ್ರ ಮುಖ್ಯವಾಗಿ ಬೇರೆ. ಇದಕ್ಕೂ ಮೊದಲು, 2019ರ ಜೂನ್ ತಿಂಗಳಲ್ಲಿ, ಮಾರುತಿಯ ಬಲೆನೊ ಕಾರು ಗ್ಲಾಂಜಾ ಎಂಬ ಹೆಸರು ಹೊತ್ತು ಟೊಯೋಟಾ ಮಳಿಗೆಗೆ ಬಂದಿತ್ತು. ಅದಕ್ಕೂ ಹಿಂದೆ, 2013ರಲ್ಲಿ, ಚೆನ್ನೈ ಸಮೀಪದ ಒರಗಡಂ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ರೆನೊ ಡಸ್ಟರ್ ಕಾರೇ ಮುಖ ಬದಲಿಸಿಕೊಂಡು ನಿಸಾನ್ ಟೆರಾನೊ ಆಯಿತು. ಇದರಲ್ಲಿ ಗುಟ್ಟೇನೂ ಇಲ್ಲ. ಕಂಪನಿಗಳು ಬಹಿರಂಗವಾಗಿ ಸಾರಿ ಮಾಡಿಕೊಂಡ ಒಪ್ಪಂದಗಳಿವು. ಉದ್ಯಮದಲ್ಲಿ ಇದಕ್ಕೆ ಬ್ಯಾಡ್ಜ್ ಎಂಜಿನಿಯರಿಂಗ್ ಎಂದೇ ಹೆಸರು. ಲಾಂಛನವೆಂಬುದು ಕಳಚಿ ಅಂಟಿಸುವ ವಸ್ತುವೆಂದು ತಯಾರಕರಿಗೆ ಗೊತ್ತು. ಗೊತ್ತಿಲ್ಲದಂತೆ ನಟಿಸುತ್ತಿರುವವರು ಕೊಳ್ಳುವ ನಾವು.

ನ್ಯಾಯವಾಗಿ ಒಂದು ಮಾತನ್ನು ಹೇಳಬೇಕು. ಗ್ಲಾಂಜಾ ಮಾರುಕಟ್ಟೆಗೆ ಬಂದಾಗ ಅದಕ್ಕೆ 3 ವರ್ಷ ಅಥವಾ 1 ಲಕ್ಷ ಕಿಲೋಮೀಟರಿನ ವಾರಂಟಿ ಇತ್ತು. ಬಲೆನೊ ಕಾರಿಗೆ 2 ವರ್ಷ ಅಥವಾ 40,000 ಕಿಲೋಮೀಟರ್ ಮಾತ್ರ. ಇದು ನಿಜವಾದ ವ್ಯತ್ಯಾಸವೇ. ಆದರೆ ಇದು ಕರಾರಿನ ವ್ಯತ್ಯಾಸ, ಉಕ್ಕಿನ ವ್ಯತ್ಯಾಸವಲ್ಲ. ಕರಾರನ್ನು ಓದಿ ಆರಿಸಿಕೊಂಡವರ ಮೇಲೆ ನಮ್ಮ ಆಕ್ಷೇಪವಿಲ್ಲ. ಲಾಂಛನವನ್ನು ನೋಡಿ ಆರಿಸಿಕೊಂಡು, ಎದುರಿನ ಅಂಗಳದ ಅದೇ ಕಾರನ್ನು ಕಂಡು ಮೂಗು ಮುರಿಯುವವರ ಮೇಲೆ ಇದೆ.

ಕೀರ್ತಿಯೆಲ್ಲವೂ ಸುಳ್ಳೆಂದು ನಾವು ಹೇಳುತ್ತಿಲ್ಲ. 2000ದಲ್ಲಿ ಬಂದ ಕ್ವಾಲಿಸ್ ಮತ್ತು 2005ರಲ್ಲಿ ಬಂದ ಇನ್ನೋವಾ ಗಳಿಸಿದ ಹೆಸರು ಗಟ್ಟಿಯಾದದ್ದು. ಆದರೆ ಅದನ್ನು ಗಳಿಸಿಕೊಟ್ಟವರಲ್ಲಿ ಹಳದಿ ಫಲಕದ ಟ್ಯಾಕ್ಸಿ ಚಾಲಕರು ಮುಖ್ಯರು. ಹೊಟ್ಟೆಪಾಡು ಗಾಡಿಯ ಮೇಲಿದ್ದುದರಿಂದ ಅವರು ಎಣ್ಣೆಯನ್ನು ಹೊತ್ತಿಗೆ ಸರಿಯಾಗಿ ಬದಲಿಸಿದರು, ಬ್ರೇಕಿನ ಸಣ್ಣ ಸದ್ದಿಗೂ ಕಿವಿಗೊಟ್ಟರು, ಘಾಟಿಯ ಇಳಿಜಾರಿನಲ್ಲಿ ಬ್ರೇಕನ್ನು ಕಾಯಿಸದೆ ಕೆಳಗಿನ ಗೇರಿನಲ್ಲಿ ಇಳಿದರು. ಹೀಗೆ ಬೇರೊಬ್ಬರ ಶ್ರದ್ಧೆಯಿಂದ ಬೆಳೆದ ಕೀರ್ತಿಯನ್ನು ಹಣ ಕೊಟ್ಟು ಅಂಗಳಕ್ಕೆ ತಂದುಕೊಂಡು, ಎರಡು ವರ್ಷ ಎಣ್ಣೆಯನ್ನೇ ನೋಡದೆ ಓಡಿಸುವ ಮಾಲೀಕನು ಯಾವ ನಂಬಿಕೆಯ ಮಾತನಾಡುತ್ತಾನೆ?

ಇನ್ನು ದೊಡ್ಡ ಹೆಸರು ಎಷ್ಟು ದೊಡ್ಡ ವಂಚನೆಯನ್ನು ಮುಚ್ಚಿಡಬಲ್ಲದು ಎಂಬುದಕ್ಕೆ ಜಗತ್ತೇ ಕಂಡ ಸಾಕ್ಷಿಯಿದೆ. 2015ರ ಸೆಪ್ಟೆಂಬರ್ 18ರಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿಗೆ ನೋಟಿಸು ನೀಡಿತು. ಆ ಕಂಪನಿಯ ಡೀಸೆಲ್ ಕಾರುಗಳಲ್ಲಿದ್ದ ತಂತ್ರಾಂಶವು ತನ್ನನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಲಾಗುತ್ತಿದೆಯೆಂದು ಗುರುತಿಸಿ, ಆಗ ಮಾತ್ರ ಹೊಗೆಯನ್ನು ಪೂರ್ತಿಯಾಗಿ ಶುದ್ಧಗೊಳಿಸುತ್ತಿತ್ತು. ರಸ್ತೆಗಿಳಿದರೆ ನೈಟ್ರೋಜನ್ ಆಕ್ಸೈಡುಗಳು ನಿಗದಿತ ಮಿತಿಯ 40 ಪಟ್ಟಿನವರೆಗೂ ಏರುತ್ತಿದ್ದವು. ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಕಾರುಗಳಲ್ಲಿ ಇಂಥ ತಂತ್ರಾಂಶವಿದ್ದುದನ್ನು ಕಂಪನಿಯೇ ಒಪ್ಪಿಕೊಂಡಿತು. ಭಾರತದಲ್ಲಿ 2015ರ ಡಿಸೆಂಬರಿನಲ್ಲಿ ಸುಮಾರು 3.23 ಲಕ್ಷ ವಾಹನಗಳನ್ನು ಹಿಂದಕ್ಕೆ ಕರೆಸುವುದಾಗಿ ಪ್ರಕಟಣೆ ಬಂತು. ಅವುಗಳಲ್ಲಿ ಫೋಕ್ಸ್‌ವ್ಯಾಗನ್, ಸ್ಕೋಡಾ, ಆಡಿ ಈ ಮೂರೂ ಲಾಂಛನಗಳಿದ್ದವು. 2019ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 500 ಕೋಟಿ ರೂಪಾಯಿ ದಂಡ ವಿಧಿಸಿತು. ಬಲವಂತದ ಕ್ರಮ ಕೂಡದೆಂದು ಅದೇ ವರ್ಷದ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಆಡಿ ಕೊಂಡವನು ಸ್ಕೋಡಾ ಕೊಂಡವನಿಗಿಂತ ಬಹಳ ಹೆಚ್ಚು ಹಣ ತೆತ್ತಿದ್ದನು. ಇಬ್ಬರಿಗೂ ದೊರೆತದ್ದು ಒಂದೇ ಕುಟುಂಬದ ಎಂಜಿನ್, ಒಂದೇ ಬಗೆಯ ಮೋಸ. ಉಸಿರಾಡಿದವರಿಗಂತೂ ಲಾಂಛನ ಯಾವುದೆಂದು ತಿಳಿಯಲೇ ಇಲ್ಲ.

ಹಾಗಾದರೆ ನಂಬಿಕೆ ಎಲ್ಲಿದೆ? ಅದು ಯಂತ್ರ, ಅದನ್ನು ಬಲ್ಲ ಮೆಕ್ಯಾನಿಕ್ ಮತ್ತು ಅದನ್ನು ನೋಡಿಕೊಳ್ಳುವ ಮಾಲೀಕ ಈ ಮೂವರ ನಡುವೆ ಇದೆ. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೆ ತಯಾರಾದ ಅಂಬಾಸಡರ್ ಕಾರು ಕೆಡದ ಕಾರೇನೂ ಆಗಿರಲಿಲ್ಲ. ಆದರೆ ಕೆಟ್ಟಲ್ಲೇ ಅದನ್ನು ಎಬ್ಬಿಸಿ ನಿಲ್ಲಿಸುವವರು ಪ್ರತಿ ಹೋಬಳಿಯಲ್ಲೂ ಇದ್ದರು. ನಮ್ಮ ಹಳೆಯ ಜೀಪುಗಳ ಕಥೆಯೂ ಅದೇ. ಈ ಕೊಂಡಿಯನ್ನು ಕಡಿದವರು ಯಾರು? 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗವು 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತು. ಅಸಲಿ ಬಿಡಿಭಾಗಗಳನ್ನೂ ರಿಪೇರಿಯ ತಾಂತ್ರಿಕ ಮಾಹಿತಿಯನ್ನೂ ಹೊರಗಿನ ಮೆಕ್ಯಾನಿಕ್‌ಗಳಿಗೆ ಸಿಗದಂತೆ ತಡೆದದ್ದು ಅವುಗಳ ಮೇಲಿನ ಆರೋಪ. ದಂಡದ ಲೆಕ್ಕ ಮುಂದೆ ಮೇಲ್ಮನವಿಯಲ್ಲಿ ಬದಲಾಯಿತು. ಆದರೆ ಆಯೋಗ ತೆರೆದು ತೋರಿಸಿದ ಸತ್ಯ ಹಾಗೆಯೇ ಉಳಿದಿದೆ. ದೊಡ್ಡ ಹೆಸರಿನ ಮಾಲೀಕನು ಸಣ್ಣದೊಂದು ಸೆನ್ಸರ್‌ಗಾಗಿ ಘಾಟಿ ಇಳಿದು ಮಂಗಳೂರಿಗೋ, ಬಯಲು ದಾಟಿ ಬೆಂಗಳೂರಿಗೋ ಹೋಗಬೇಕಾದಾಗ ಆತನ ಕೈಯಲ್ಲಿರುವುದು ನಂಬಿಕೆಯಲ್ಲ, ಅವಲಂಬನೆ.

ಇದಕ್ಕೆ ವಿರುದ್ಧವಾದ ಪಾಠವನ್ನು ಟಾಟಾ ನ್ಯಾನೊ ಹೇಳುತ್ತದೆ. 2008ರ ಜನವರಿಯಲ್ಲಿ ಅನಾವರಣಗೊಂಡು 2009ರಲ್ಲಿ ಮಾರಾಟಕ್ಕೆ ಬಂದ ಆ ಪುಟ್ಟ ಕಾರಿಗೆ ಆರಂಭದಲ್ಲಿ ಬೆಂಕಿಯ ಪ್ರಕರಣಗಳು ಕಾಡಿದವು. ಆ ದೋಷವನ್ನು ಮರೆಮಾಚಬೇಕಿಲ್ಲ. ಆದರೆ 'ಜಗತ್ತಿನ ಅತಿ ಅಗ್ಗದ ಕಾರು' ಎಂಬ ಬಿರುದು ಅಷ್ಟೇ ಆಳವಾದ ಗಾಯ ಮಾಡಿತು. ಕಡಿಮೆ ಪೆಟ್ರೋಲು ಕುಡಿಯುವ, ಕಿರಿದಾದ ರಸ್ತೆಗೆ ಒಗ್ಗುವ ವಾಹನವನ್ನು ಬಡವನ ಗುರುತೆಂದು ನಕ್ಕು ದೂರವಿಟ್ಟೆವು. ಹಿರಿದಾದದ್ದನ್ನು ತಂದು, ಈಗ ರಸ್ತೆ ಸಾಲದೆಂದು ಬೊಬ್ಬಿಡುತ್ತಿದ್ದೇವೆ.

ಈ ಬೊಬ್ಬೆಯ ಬೆಲೆಯನ್ನು ತೆರುವುದು ಬೆಟ್ಟ. ಅಗಲವಾದ ಗಾಡಿಗೆ ಅಗಲವಾದ ರಸ್ತೆ, ಅದಕ್ಕಾಗಿ ನೆಟ್ಟಗೆ ಕಡಿದ ಗುಡ್ಡದ ಬದಿ, ಮಳೆಗಾಲದಲ್ಲಿ ಅಲ್ಲಿಂದ ಜಾರುವ ಮಣ್ಣು. ಇದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಮಾರಿದ ಹಳೆಯ ಕಾರು ಇನ್ನೊಂದು ಮನೆ ಸೇರುತ್ತದೆ, ನಿಜ. ಆದರೆ ಹೊಸದೊಂದಕ್ಕೆ ಎಲ್ಲೋ ಒಂದು ಬೆಟ್ಟದಲ್ಲಿ ಅದಿರನ್ನು ಅಗೆಯಲೇಬೇಕು. ಕುದುರೆಮುಖದ ಗಣಿಯನ್ನು 2005ರ ಕೊನೆಯ ದಿನ ನಿಲ್ಲಿಸಿದಾಗ ಸಂಭ್ರಮಿಸಿದ ನಾವು, ಇನ್ನೊಬ್ಬರ ಬೆಟ್ಟದ ಅದಿರನ್ನು ಕೇವಲ ಮುಖಸ್ತುತಿಗಾಗಿ ಖರ್ಚು ಮಾಡಬಹುದೇ? ನಮ್ಮ ಚಳವಳಿಯವರೂ ಈ ಪ್ರಶ್ನೆಯಿಂದ ಹೊರಗಿಲ್ಲ. ಹೈಬ್ರಿಡ್ ಎಂಬ, ಎಲೆಕ್ಟ್ರಿಕ್ ಎಂಬ ಹಸಿರು ಅಕ್ಷರಗಳನ್ನು ಕಾರಿನ ಬೆನ್ನಿಗೆ ಅಂಟಿಸಿಕೊಂಡು ಸಭೆಗೆ ಬಂದು ಬೀಗುವುದೂ ಲಾಂಛನಪೂಜೆಯೇ.

ಎಲ್ಲಕ್ಕಿಂತ ದೊಡ್ಡ ನಷ್ಟ ಬೇರೊಂದಿದೆ. ಊರಿನಲ್ಲಿ ದನಿಯುಳ್ಳವರು ಬಸ್ಸು ಬಿಟ್ಟು ಕಾರು ಹತ್ತಿದರೆ ಬಸ್ಸಿಗಾಗಿ ಅರ್ಜಿ ಬರೆಯುವವರು ಉಳಿಯುವುದಿಲ್ಲ. ಟ್ರಿಪ್ಪು ರದ್ದಾದರೆ ಕೇಳುವವರಿಲ್ಲ. ಆಗ ಮಳೆಯಲ್ಲಿ ಪುಸ್ತಕದ ಚೀಲವನ್ನು ಎದೆಗವಚಿಕೊಂಡು ತಂಗುದಾಣದಲ್ಲಿ ನಿಲ್ಲುವವರು ನಮ್ಮದೇ ಊರಿನ ಕಾಲೇಜು ಹುಡುಗಿಯರು. ಅವರ ಮುಂದೆ ಕೆಸರು ಹಾರಿಸಿ ಹೋಗುವ ಕಾರಿನ ಲಾಂಛನ ಯಾವುದಾದರೇನು?

ಆದುದರಿಂದ ಮಿತ್ರರೆ, ಕಾರು ಬೇಡವೆಂದು ನಾವು ಹೇಳುತ್ತಿಲ್ಲ. ರಾತ್ರಿ ಹೆರಿಗೆ ನೋವು ಬಂದಾಗ, ಹಾವು ಕಚ್ಚಿದಾಗ ಒಂಟಿಮನೆಗೆ ವಾಹನ ಎಷ್ಟು ಅಗತ್ಯವೆಂಬುದನ್ನು ಬಲ್ಲೆವು. ಇರುವ ಕಾರನ್ನು ಬದಲಿಸುವ ಮೊದಲು ಊರಿನ ಮೆಕ್ಯಾನಿಕ್‌ನನ್ನು ಕೇಳಿ: ಇದು ಇನ್ನೆಷ್ಟು ವರ್ಷ ಓಡೀತು? ಕೊಳ್ಳಲೇಬೇಕಾದರೆ ಹೆಸರನ್ನು ಬಿಟ್ಟು ಕರಾರನ್ನು ಓದಿ, ಬಿಡಿಭಾಗ ಎಲ್ಲಿ ಸಿಗುತ್ತದೆಂದು ವಿಚಾರಿಸಿ, ನಮ್ಮ ರಸ್ತೆಗೆ ತಕ್ಕ ಗಾತ್ರದ್ದನ್ನು ಕೊಳ್ಳಿ. ಮತ್ತು ಬರುವ ಗ್ರಾಮಸಭೆಯಲ್ಲಿ, ಅಂಗಳದಲ್ಲಿ ಕಾರಿದ್ದವರೇ ಮೊದಲು ಎದ್ದು ನಿಂತು ಸಂಜೆಯ ಬಸ್ಸಿಗಾಗಿ ಒತ್ತಾಯಿಸಿ. ಆ ಅರ್ಜಿಯ ಮೇಲಿನ ಮೊದಲ ರುಜು ನಿಮ್ಮದಾಗಲಿ.