ಹದಿಹರೆಯದ ರಹಸ್ಯ ಕಾದಂಬರಿ: ‘ಯಾರು’ ಎಂಬುದಕ್ಕಿಂತ ‘ಏಕೆ’ ಎಂಬುದೇ ಕಠಿಣ

ಹದಿಹರೆಯದವರಿಗಾಗಿ ಬರೆಯಲಾಗುವ ಮನೋವೈಜ್ಞಾನಿಕ ರಹಸ್ಯ ಕಾದಂಬರಿ ಇಂದು ಇಂಗ್ಲಿಷ್ ಪ್ರಕಾಶನ ಲೋಕದ ಜನಪ್ರಿಯ ಪ್ರಕಾರಗಳಲ್ಲೊಂದು. ಹಾಲಿ ಜಾಕ್ಸನ್ ಅವರ ‘ಎ ಗುಡ್ ಗರ್ಲ್ಸ್ ಗೈಡ್ ಟು ಮರ್ಡರ್’ (2019) ಕೃತಿಯು 2024ರಲ್ಲಿ, ಇ. ಲಾಕ್‌ಹಾರ್ಟ್ ಅವರ ‘ವಿ ವರ್ ಲೈಯರ್ಸ್’ (2014) ಕೃತಿಯು 2025ರಲ್ಲಿ ಧಾರಾವಾಹಿಗಳಾಗಿ ತೆರೆಗೆ ಬಂದವು. ಓದುವ ಮಕ್ಕಳಿಗೆ ಇವು ಪುಸ್ತಕವಾಗಿ, ಓದದ ಮಕ್ಕಳಿಗೆ ದೃಶ್ಯವಾಗಿ ತಲುಪುತ್ತಿವೆ. ಈ ಜನಪ್ರಿಯತೆಯ ನಡುವೆ ಕೇಳಬೇಕಾದ ಪ್ರಶ್ನೆಯೊಂದಿದೆ: ಒಗಟು ಬಿಡಿಸಿದ ಮೇಲೆ ಓದುಗನ ಮನಸ್ಸಿನಲ್ಲಿ ಉಳಿಯುವುದೇನು?

ಸಾಮಾನ್ಯ ಪತ್ತೇದಾರಿ ಕಥೆ ಅಪರಾಧಿ ಯಾರೆಂದು ಹುಡುಕುತ್ತದೆ. ಮನೋವೈಜ್ಞಾನಿಕ ರಹಸ್ಯದಲ್ಲಿ ಬೀಗ ಹಾಕಿದ ಕೋಣೆಯೆಂದರೆ ನಿರೂಪಕನ ಮನಸ್ಸೇ. ಅಮೆರಿಕದ ರಾಬರ್ಟ್ ಕಾರ್ಮಿಯರ್ 1977ರಲ್ಲಿಯೇ ‘ಐ ಆ್ಯಮ್ ದ ಚೀಸ್’ ಕೃತಿಯಲ್ಲಿ ಹುಡುಗನೊಬ್ಬನ ಸೈಕಲ್ ಪ್ರಯಾಣವನ್ನೂ, ಅವನ ನೆನಪುಗಳನ್ನು ಕೆದಕುವ ಸಂದರ್ಶನಗಳನ್ನೂ ಅಕ್ಕಪಕ್ಕ ಇಟ್ಟು ಈ ಮಾರ್ಗವನ್ನು ತೋರಿಸಿದ್ದರು. ಲಾಕ್‌ಹಾರ್ಟ್ ಅವರ ನಾಯಕಿಗೂ ಒಂದು ಬೇಸಿಗೆಯ ನೆನಪು ಅಳಿಸಿಹೋಗಿದೆ. ಆಕೆ ಮರೆತದ್ದೇನು ಎಂಬುದೇ ಅಲ್ಲಿ ರಹಸ್ಯ.

ಇಂತಹ ಬರವಣಿಗೆಯ ಮೊದಲ ನಿಯಮ ನ್ಯಾಯಪರತೆ. ನಿರೂಪಕನಿಗೆ ತಿಳಿಯದಿದ್ದರೂ ಸುಳಿವುಗಳು ಓದುಗನ ಕಣ್ಣೆದುರಿಗೇ ಇರಬೇಕು. ಮಾರ್ಕ್ ಹ್ಯಾಡನ್ ಅವರ 2003ರ ‘ದ ಕ್ಯೂರಿಯಸ್ ಇನ್ಸಿಡೆಂಟ್ ಆಫ್ ದ ಡಾಗ್ ಇನ್ ದ ನೈಟ್-ಟೈಮ್’ ಇದಕ್ಕೆ ಉತ್ತಮ ನಿದರ್ಶನ. 15ರ ಹರೆಯದ ಕ್ರಿಸ್ಟೋಫರ್ ತಾನು ಕಂಡದ್ದನ್ನು ಇದ್ದಂತೆಯೇ ಹೇಳುತ್ತಾನೆ. ಆದರೆ ಅವನು ಕಂಡದ್ದರ ಅರ್ಥ ಅವನಿಗಿಂತ ಮೊದಲೇ ಓದುಗನಿಗೆ ಹೊಳೆಯುತ್ತದೆ. ನಾಯಿಯನ್ನು ಕೊಂದವರಾರು ಎಂಬುದು ಕಾದಂಬರಿ ಮುಗಿಯುವ ಬಹಳ ಮೊದಲೇ ತಿಳಿದುಹೋಗುತ್ತದೆ. ಉಳಿದ ಪುಟಗಳು ಒಡೆದ ಕುಟುಂಬದ ಸತ್ಯವನ್ನು ಶೋಧಿಸುತ್ತವೆ. ಹುಡುಗನ ಸ್ಥಿತಿಗೆ ಕಥೆಯೊಳಗೆ ಯಾವುದೇ ರೋಗದ ಹೆಸರನ್ನು ಅಂಟಿಸದಿರುವುದು ಲೇಖಕರ ಸಂಯಮಕ್ಕೆ ಸಾಕ್ಷಿ.

ಈ ಸಂಯಮ ತಪ್ಪಿದಲ್ಲಿ ಅಪಾಯ ಎದುರಾಗುತ್ತದೆ. ಜೇ ಆಶರ್ ಅವರ 2007ರ ‘ಥರ್ಟೀನ್ ರೀಸನ್ಸ್ ವೈ’ ಕೃತಿಯಲ್ಲಿ ವಿದ್ಯಾರ್ಥಿನಿಯೊಬ್ಬಳು ತನ್ನ ಸಾವಿಗೆ ಕಾರಣರಾದವರ ಕುರಿತು ಧ್ವನಿಮುದ್ರಿಕೆಗಳನ್ನು ಬಿಟ್ಟುಹೋಗುತ್ತಾಳೆ. 2017ರಲ್ಲಿ ಅದು ನೆಟ್‌ಫ್ಲಿಕ್ಸ್‌ನಲ್ಲಿ ಸರಣಿಯಾದಾಗ ಮಾನಸಿಕ ಆರೋಗ್ಯ ತಜ್ಞರಿಂದ ತೀವ್ರ ಆಕ್ಷೇಪ ವ್ಯಕ್ತವಾಯಿತು. ಸರಣಿ ಬಿಡುಗಡೆಯಾದ ಮರು ತಿಂಗಳು ಅಮೆರಿಕದಲ್ಲಿ 10ರಿಂದ 17 ವರ್ಷದವರ ಆತ್ಮಹತ್ಯೆ ಪ್ರಮಾಣ ಏರಿತ್ತೆಂದು 2019ರ ಅಧ್ಯಯನವೊಂದು ದಾಖಲಿಸಿತು. ಅದಕ್ಕೆ ಸರಣಿಯೇ ಕಾರಣವೆಂಬುದು ಸಾಬೀತಾಗಲಿಲ್ಲ. ಆ ವಿಶ್ಲೇಷಣೆಯನ್ನು ಇತರ ಸಂಶೋಧಕರು ಪ್ರಶ್ನಿಸಿದ್ದೂ ಉಂಟು. ಆದರೂ 2019ರ ಜುಲೈನಲ್ಲಿ ನೆಟ್‌ಫ್ಲಿಕ್ಸ್ ವಿವಾದಿತ ದೃಶ್ಯವನ್ನು ತೆಗೆದುಹಾಕಿತು. ಸಾವನ್ನು ಜಾಣ ಒಗಟಾಗಿಸಿ, ಅಪರಾಧಿಗಳ ಪಟ್ಟಿಯನ್ನೇ ಉತ್ತರವಾಗಿ ನೀಡಿದರೆ ನೋವಿಗೆ ಬೇರೆ ದಾರಿಯೂ ಇತ್ತೆಂಬ ಸತ್ಯ ಮರೆಯಾಗುತ್ತದೆ ಎಂಬ ಆಕ್ಷೇಪ ಇಂದಿಗೂ ಪ್ರಸ್ತುತ.

ಕನ್ನಡದ ಸ್ಥಿತಿ ಭಿನ್ನ. ಇಲ್ಲಿ ಎರಡು ಶ್ರೀಮಂತ ಧಾರೆಗಳಿವೆ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು ಒಂದು ತಲೆಮಾರಿಗೇ ಓದಿನ ಹುಚ್ಚು ಹಿಡಿಸಿದವು. ಇತ್ತ ತ್ರಿವೇಣಿಯವರು (1928–1963) ಮನಸ್ಸಿನ ಒಳಗುದಿಯನ್ನೇ ಕಾದಂಬರಿಯ ವಸ್ತುವಾಗಿಸಿದರು. ಪುಟ್ಟಣ್ಣ ಕಣಗಾಲ್ ಅವರ ಚಿತ್ರದಿಂದ ಮನೆಮಾತಾದ ‘ಶರಪಂಜರ’ದಲ್ಲಿ ನಾಯಕಿ ಗುಣಮುಖಳಾಗಿ ಮನೆಗೆ ಮರಳಿದರೂ ಸುತ್ತಲಿನವರ ಸಂಶಯ ಆಕೆಯನ್ನು ಬಿಡುವುದಿಲ್ಲ. ರೋಗಕ್ಕಿಂತ ರೋಗಿಯೆಂಬ ಹಣೆಪಟ್ಟಿ ಕ್ರೂರ ಎಂಬ ಆ ಒಳನೋಟ ಹದಿಹರೆಯದ ರಹಸ್ಯ ಕಥೆಗೆ ಬೇಕಾದ ಬುನಾದಿಯೇ ಹೌದು. ಆದರೆ ಈ ಎರಡು ಧಾರೆಗಳು ಹದಿಹರೆಯದ ಓದುಗರಿಗಾಗಿ ಒಂದಾದದ್ದು ಅಪರೂಪ. ಮಕ್ಕಳ ಪುಸ್ತಕಗಳನ್ನು ದಾಟಿದ ಹುಡುಗ ನೇರವಾಗಿ ದೊಡ್ಡವರ ಕಾದಂಬರಿಗೆ ಹಾರಬೇಕು, ಇಲ್ಲವೇ ಇಂಗ್ಲಿಷಿಗೆ.

ಇದು ಕೇವಲ ಸಾಹಿತ್ಯಕ ಕೊರತೆಯಲ್ಲ. ಬೆಂಗಳೂರಿನ ನಿಮ್ಹಾನ್ಸ್ ನೇತೃತ್ವದಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು, 13ರಿಂದ 17 ವರ್ಷದವರಲ್ಲಿ ಶೇ. 7.3ರಷ್ಟು ಮಂದಿಗೆ ಮಾನಸಿಕ ಆರೋಗ್ಯ ಸಮಸ್ಯೆ ಇರುವುದನ್ನು ಅಂದಾಜಿಸಿತ್ತು. ಪಿಯುಸಿ ಅಂಕಗಳ ಒತ್ತಡ, ಹಾಸ್ಟೆಲಿನ ಒಂಟಿತನ, ಮನೆಯವರಿಂದ ಮುಚ್ಚಿಟ್ಟ ಭಯ ಇವೆಲ್ಲ ಇಲ್ಲಿನ ಮಕ್ಕಳಿಗೆ ಪರಿಚಿತ. ಅವನ್ನು ಹೇಳಿಕೊಳ್ಳಲು ಬೇಕಾದ ಮಾತುಗಳು ಮಾತ್ರ ‘ಡಿಪ್ರೆಶನ್’, ‘ಆ್ಯಂಗ್ಸೈಟಿ’ ಎಂದು ಹೊರಗಿನಿಂದಲೇ ಬರುತ್ತಿವೆ. ಅಜ್ಜಿಯೊಡನೆಯೂ ಆಡಬಹುದಾದ ಮಾತುಗಳಲ್ಲಿ ಆ ದುಗುಡವನ್ನು ಹೇಳಿಕೊಡಬಲ್ಲದ್ದು ಕಥೆ.

ಎಳೆಯ ಮನಸ್ಸಿಗೆ ಇಂತಹ ವಸ್ತು ಭಾರವಾದೀತೆಂಬ ಪೋಷಕರ ಆತಂಕವನ್ನು ತಳ್ಳಿಹಾಕುವಂತಿಲ್ಲ. ಆದರೆ ಅದೇ ವಸ್ತು ಮಕ್ಕಳ ಅಂಗೈಯ ಪರದೆಗೆ ಈಗಾಗಲೇ ಬಂದಿದೆ. ಉಳಿದಿರುವ ಆಯ್ಕೆ ಅದನ್ನು ಯಾವ ಹೊಣೆಗಾರಿಕೆಯಿಂದ ಹೇಳಬೇಕು ಎಂಬುದು ಮಾತ್ರ. ‘ಅವನಿಗೆ ಹುಚ್ಚು ಹಿಡಿದಿತ್ತು’ ಎಂಬ ಸುಲಭದ ಕೊನೆ ಬೇಡ. ಸಾವಿನ ವೈಭವೀಕರಣ ಬೇಡ. ಸಹಾಯ ಕೇಳಿದ ಪಾತ್ರಕ್ಕೆ ಸಹಾಯ ಸಿಗುವ ಒಂದು ಬಾಗಿಲಾದರೂ ಇರಲಿ. 2022ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಕನ್ನಡದಲ್ಲಿಯೂ ಲಭ್ಯ. ಪುಸ್ತಕದ ಕೊನೆಯ ಪುಟದಲ್ಲಿ ಆ ಐದು ಅಂಕಿಗಳನ್ನು ಮುದ್ರಿಸಲು ಪ್ರಕಾಶಕರಿಗೆ ಹೆಚ್ಚಿನ ಖರ್ಚೇನೂ ತಗಲದು.