ಅಚ್ಚು ಒಂದು, ಕಂಪ್ಯೂಟರು ನೂರು: ಎಚ್ಚರಿಕೆ ಯಾಕೆ ಇಂಗ್ಲಿಷಿನಲ್ಲಿ?

ನಿಮ್ಮೂರಿನ ಸೊಸೈಟಿಯ ಕಂಪ್ಯೂಟರು ಕೆಡುವ ಮೊದಲು ಯಾವ ಭಾಷೆಯಲ್ಲಿ ಕೂಗಿಕೊಳ್ಳುತ್ತದೆ ಎಂದು ನೋಡಿದ್ದೀರಾ? ಇಂಗ್ಲಿಷಿನಲ್ಲಿ! ಬೋರ್ಡು ಕನ್ನಡ, ಪಾಸು ಪುಸ್ತಕ ಕನ್ನಡ, ಸಾಲದ ಅರ್ಜಿ ಕನ್ನಡ. ಅಪಾಯದ ಮಾತು ಮಾತ್ರ ಇಂಗ್ಲಿಷ್!

ಬೇರೆಯವರದು ಯಾಕೆ, ನನ್ನ ಪ್ರೆಸ್ಸಿನ ಕಥೆಯನ್ನೇ ಕೇಳಿ. ಎರಡು ವರ್ಷದ ಹಿಂದೆ, ಮಳೆಗಾಲ. ಒಂದು ಸಂಘದ ಮಹಾಸಭೆಯ ವರದಿ, 64 ಪುಟ, ಡಿಟಿಪಿ ಮುಗಿಯುತ್ತಾ ಬಂದಿತ್ತು. ಡಿಸ್ಕು ತುಂಬಿದೆ ಎಂದು ಮೂರು ದಿನದಿಂದ ಪರದೆಯ ಮೂಲೆಯಲ್ಲಿ ಇಂಗ್ಲಿಷ್ ಸೂಚನೆ ಬರುತ್ತಿತ್ತು. ಟೈಪು ಮಾಡುವ ಹುಡುಗಿ ಅದನ್ನು ದಿನಾ ಮುಚ್ಚಿ ಕೆಲಸ ಮುಂದುವರಿಸಿದಳು. ನಾಲ್ಕನೇ ದಿನ ಫೈಲು ತೆರೆಯಲಿಲ್ಲ. ಬೈದೆ. ಆಮೇಲೆ ನಾಚಿಕೆಯಾಯಿತು. ಆ ಸೂಚನೆ ನನ್ನ ಕಣ್ಣಿಗೂ ಬಿದ್ದಿತ್ತು, ಪಿಯುಸಿ ಓದಿದ ನಾನೂ ಓದದೆ ಬಿಟ್ಟಿದ್ದೆ! ಎರಡು ರಾತ್ರಿ ಕೂತು ಮತ್ತೆ ಟೈಪು ಮಾಡಿದೆವು.

ಅದಾದ ಮೇಲೆ ಝ್ಯಾಬಿಕ್ಸ್ ಎಂಬ ನಿಗಾ ತಂತ್ರಾಂಶ ಹಾಕಿಸಿದೆ. ಲಾಟ್ವಿಯಾ ದೇಶದ ಅಲೆಕ್ಸೆಯ್ ವ್ಲಾಡಿಶೆವ್ ಎಂಬವರು 2001ರಲ್ಲಿ ಮೊದಲು ಹೊರತಂದದ್ದು. ದುಡ್ಡು ಕೊಡಬೇಕಿಲ್ಲ. ಡಿಸ್ಕು ಎಷ್ಟು ತುಂಬಿದೆ, ನೆಟ್ಟು ಇದೆಯೇ, ಯಂತ್ರ ಜೀವಂತ ಇದೆಯೇ ಎಂದು ಎಲ್ಲ ಕಂಪ್ಯೂಟರುಗಳನ್ನೂ ಒಂದೇ ಕಡೆಯಿಂದ ನೋಡುತ್ತದೆ, ಮೊಬೈಲಿಗೆ ಸುದ್ದಿ ಕಳಿಸುತ್ತದೆ. ಏನನ್ನು ನೋಡಬೇಕು, ಎಷ್ಟಕ್ಕೆ ಕೂಗಬೇಕು, ಕೂಗುವಾಗ ಏನು ಹೇಳಬೇಕು ಎಂಬುದನ್ನೆಲ್ಲ ಟೆಂಪ್ಲೇಟಿನಲ್ಲಿ ಒಂದು ಸಲ ಬರೆದರೆ ಸಾಕು. ಅದಕ್ಕೆ ಆರು ಕಂಪ್ಯೂಟರು ಜೋಡಿಸಿ, ಆರುನೂರು ಜೋಡಿಸಿ, ಕೆಲಸ ಅಷ್ಟೇ. ನಮ್ಮ ಪೇಜ್‌ಮೇಕರಿನ ಮಾಸ್ಟರ್ ಪೇಜ್ ಇದ್ದ ಹಾಗೆ ಮಾರಾಯ್ರೇ! ಅಲ್ಲಿ ಒಂದು ಗೆರೆ ಎಳೆದರೆ ಎಲ್ಲ ಪುಟದಲ್ಲೂ ಗೆರೆ.

ಹಾಗಾದರೆ ಕೂಗುವ ಮಾತನ್ನು ಕನ್ನಡದಲ್ಲಿ ಬರೆಯಲು ಎಷ್ಟು ಖರ್ಚು? ಒಂದು ಮಧ್ಯಾಹ್ನ! "ಡಿಸ್ಕು ತುಂಬುತ್ತಾ ಬಂತು, ಹಳೇ ಫೈಲು ಖಾಲಿ ಮಾಡಿ." ನಮ್ಮಲ್ಲಿ ಈಗ ಬರುವುದು ಈ ಮಾತು. ಬರೆದದ್ದು ಅದೇ ಹುಡುಗಿ. ಯೂನಿಕೋಡಿನಲ್ಲೇ ಬರೆಯಬೇಕು. ನಮ್ಮ ಡಿಟಿಪಿಯವರ ಹಳೇ ನುಡಿ ಫಾಂಟಿನಲ್ಲಿ ಹೊಡೆದರೆ ಮೊಬೈಲಿನಲ್ಲಿ ಬರೀ ಇಂಗ್ಲಿಷ್ ಅಕ್ಷರದ ಚೆಲ್ಲಾಪಿಲ್ಲಿ. ಆ ತಪ್ಪು ನಮ್ಮದೇ, ಒಪ್ಪಿಕೊಳ್ಳೋಣ.

ಈಗ ದೊಡ್ಡ ಮಾತಿಗೆ ಬನ್ನಿ. 2022ರ ಜೂನ್‌ನಲ್ಲಿ ಕೇಂದ್ರ ಸರಕಾರ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ ಕಂಪ್ಯೂಟರು ಕೊಡುವ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ತಂತ್ರಾಂಶ ಆಯಾ ಭಾಷೆಯಲ್ಲಿರುತ್ತದೆ, ರಾಜ್ಯದ ಅಗತ್ಯಕ್ಕೆ ಬದಲಿಸಿಕೊಳ್ಳಬಹುದು ಎಂದು ಆಗಲೇ ಹೇಳಿದ್ದರು. ಪುತ್ತೂರು, ಸುಳ್ಯ, ಕಡಬದಲ್ಲಿ ಅಡಿಕೆ ಬೆಳೆಗಾರನ ಸಾಲ, ಠೇವಣಿ ಎಲ್ಲ ಇಂಥ ಸಂಘಗಳಲ್ಲೇ. ಲೆಕ್ಕದ ಪರದೆ ಕನ್ನಡವಾದರೆ ಸಾಕೇ? ಆ ಯಂತ್ರವನ್ನು ಕಾಯುವ ಮಾತೂ ಕನ್ನಡವಾಗಬೇಡವೇ? ಕೌಂಟರಿನಲ್ಲಿ ಕೂತ ಗುಮಾಸ್ತನಿಗೆ ಅರ್ಥವಾಗದ ಎಚ್ಚರಿಕೆ ಯಾರಿಗೆ ಎಚ್ಚರಿಕೆ?

ಭಾಷೆ ಮಾತ್ರ ಅಲ್ಲ, ಊರೂ ಬೇಕು. ಗುಡುಗು ಸಿಡಿಲಿಗೆ ಕರೆಂಟು, ಲೈನು ಎರಡೂ ಹೋಗುವುದು ನಮ್ಮ ಘಟ್ಟದ ಬುಡದಲ್ಲಿ ಮಾಮೂಲು. ಐದು ನಿಮಿಷ ಸಂಪರ್ಕ ತಪ್ಪಿದರೆ ಕೂಗು ಎಂದು ಬೆಂಗಳೂರಿನಲ್ಲಿ ಬರೆದ ಟೆಂಪ್ಲೇಟನ್ನು ಇಲ್ಲಿ ತಂದು ಹೇರಿದರೆ ದಿನವಿಡೀ ಕೂಗಾಟ. ವಾರದೊಳಗೆ ಯಾರೂ ಕಿವಿಗೊಡುವುದಿಲ್ಲ. ಝ್ಯಾಬಿಕ್ಸಿನಲ್ಲಿ ಇದಕ್ಕೂ ದಾರಿ ಉಂಟು. ಡಿಸ್ಕು 80 ಶೇಕಡಾ ತುಂಬಿದಾಗ ಒಮ್ಮೆ, 90ಕ್ಕೆ ಇನ್ನೊಮ್ಮೆ ಕೂಗು ಎಂದು ಟೆಂಪ್ಲೇಟಿನಲ್ಲೇ ಬಂದಿರುತ್ತದೆ. ಟೆಂಪ್ಲೇಟು ಮುಟ್ಟದೆ ಒಂದು ಕಂಪ್ಯೂಟರಿಗೆ ಮಾತ್ರ ಆ ಅಂಕಿ ಬದಲಿಸಬಹುದು. ನಮ್ಮ ಸ್ಕ್ಯಾನಿಂಗ್ ಕಂಪ್ಯೂಟರಿಗೆ 70 ಇಟ್ಟಿದ್ದೇವೆ.

ಒಂದು ಭಯವೂ ಹೇಳಬೇಕು. ಟೆಂಪ್ಲೇಟಿನ ತಪ್ಪು ಎಲ್ಲ ಕಡೆಗೂ ಹೋಗುತ್ತದೆ. ಪ್ರೂಫು ನೋಡದೆ ಸಾವಿರ ಪ್ರತಿ ಹೊಡೆದ ಹಾಗೆ! ಮೊದಲು ಒಂದೇ ಕಂಪ್ಯೂಟರಿನಲ್ಲಿ ಹಾಕಿ ನೋಡಲಿ.

ಸೆಪ್ಟೆಂಬರಿನೊಳಗೆ ನಿಮ್ಮ ಸಂಘದ ಮಹಾಸಭೆ ಬರುತ್ತದೆ. ಡಿವಿಡೆಂಡ್ ಎಷ್ಟು ಎಂದು ಕೇಳಿಯೇ ಕೇಳುತ್ತೀರಿ. ಎದ್ದು ನಿಂತು ಇನ್ನೊಂದು ಪ್ರಶ್ನೆಯನ್ನೂ ಕೇಳಿ: ನಮ್ಮ ಕಂಪ್ಯೂಟರಿನ ಎಚ್ಚರಿಕೆ ಯಾರ ಮೊಬೈಲಿಗೆ ಹೋಗುತ್ತದೆ, ಯಾವ ಭಾಷೆಯಲ್ಲಿ ಹೋಗುತ್ತದೆ?