ಮ್ಯಾನ್‌ಹೋಲ್ ಮುಚ್ಚಳದ ಒಗಟು ಒಳ್ಳೆಯ ಎಂಜಿನಿಯರನ್ನು ಗುರುತಿಸುತ್ತದೆಯೇ?

ಮ್ಯಾನ್‌ಹೋಲ್ ಮುಚ್ಚಳ ದುಂಡಗಿರುವುದೇಕೆ? ಮೈಕ್ರೋಸಾಫ್ಟ್ ಸಂದರ್ಶನಗಳಿಂದ ಹೆಸರಾದ ಈ ಪ್ರಶ್ನೆ ಕೆಲಸ ಹುಡುಕುವ ಎಂಜಿನಿಯರುಗಳಿಗೆ ಹೊಸದಲ್ಲ. ಥಟ್ಟನೆ ಉತ್ತರಿಸಿದವರು ಜಾಣರು, ತಡವರಿಸಿದವರು ಕೆಲಸಕ್ಕೆ ಬಾರದವರು ಎಂಬ ನಂಬಿಕೆಯೂ ಇದರ ಜೊತೆಗೇ ಹಬ್ಬಿದೆ.

ಎಲ್ಲರೂ ಬಾಯಿಪಾಠ ಮಾಡಿರುವ ಉತ್ತರ ಹೀಗಿದೆ: ವೃತ್ತದ ಅಗಲ ಎಲ್ಲ ದಿಕ್ಕಿನಲ್ಲೂ ಒಂದೇ. ಹಾಗಾಗಿ ಮುಚ್ಚಳವನ್ನು ಹೇಗೆ ತಿರುಗಿಸಿದರೂ ಅದು ಗುಂಡಿಯೊಳಗೆ ಬೀಳದು. ಚೌಕದ ಮುಚ್ಚಳವಾದರೆ ನೆಟ್ಟಗೆ ನಿಲ್ಲಿಸಿ ಗುಂಡಿಯ ಮೂಲೆಯಿಂದ ಮೂಲೆಗೆ ತಿರುಗಿಸಿದಾಗ ಜಾರಿಬಿಡುತ್ತದೆ. ಸರಿಯೇ. ಆದರೆ ಬದಿಗಳು ಉಬ್ಬಿದ ರೂಲೋ ತ್ರಿಕೋನಕ್ಕೂ ಇದೇ ಗುಣವಿದೆ. ಚೌಕ ಮುಚ್ಚಳಗಳಿಗಂತೂ ಬರವಿಲ್ಲ, ನಮ್ಮ ಫುಟ್‌ಪಾತ್‌ಗಳಲ್ಲೇ ಸಾಕಷ್ಟು ಸಿಗುತ್ತವೆ! ಸೈಟಿನಲ್ಲಿ ಕೆಲಸ ಮಾಡಿದವರು ಬೇರೆಯೇ ಕಾರಣ ಹೇಳಬಹುದು. ದುಂಡನೆಯ ಗುಂಡಿ ಸುತ್ತಲಿನ ಮಣ್ಣಿನ ಒತ್ತಡವನ್ನು ಸಮನಾಗಿ ತಾಳಿಕೊಳ್ಳುತ್ತದೆ, ಭಾರದ ಮುಚ್ಚಳವನ್ನು ಉರುಳಿಸಿಕೊಂಡು ಹೋಗಬಹುದು, ಕೂರಿಸುವಾಗ ಮೂಲೆ ಹೊಂದಿಸುವ ರಗಳೆಯಿಲ್ಲ. ಒಂದೇ ಉತ್ತರವನ್ನು ಕೈಯಲ್ಲಿ ಹಿಡಿದು ಕೂತ ಸಂದರ್ಶಕರು ಇವರಿಗೆ ಸೊನ್ನೆ ಕೊಟ್ಟು, ಹಿಂದಿನ ರಾತ್ರಿ ಓದಿಕೊಂಡು ಬಂದವರಿಗೆ ಕೆಲಸ ಕೊಡುವ ಅಪಾಯವಿದೆ.

ಇಂತಹ ಒಗಟುಗಳಿಗೆ ಒಂದು ಕಾಲದಲ್ಲಿ ಗೂಗಲ್ ಕೂಡ ಹೆಸರುವಾಸಿಯಾಗಿತ್ತು. ಇವುಗಳಿಂದ ಏನೂ ತಿಳಿಯುವುದಿಲ್ಲ, ಕೇಳುವವರಿಗೆ ತಾವು ಜಾಣರೆಂಬ ಖುಷಿ ಸಿಗುತ್ತದಷ್ಟೇ ಎಂದು ಆ ಕಂಪನಿಯ ಸಿಬ್ಬಂದಿ ವಿಭಾಗದ ಅಂದಿನ ಮುಖ್ಯಸ್ಥ ಲಾಸ್ಲೊ ಬಾಕ್ 2013ರಲ್ಲಿ ಒಪ್ಪಿಕೊಂಡರು.

ಹಾಗೆಂದು ಎಲ್ಲ ಒಗಟುಗಳನ್ನೂ ಬದಿಗೆ ಸರಿಸಬೇಕಿಲ್ಲ. ಪೀಟರ್ ಸ್ಕಿಲ್‌ಮನ್ ರೂಪಿಸಿದ ಮಾರ್ಷ್‌ಮ್ಯಾಲೊ ಸವಾಲನ್ನು ನೋಡಿ. 20 ಒಣ ಸ್ಪಗೆಟ್ಟಿ ಕಡ್ಡಿ, ಒಂದೊಂದು ಗಜ ಟೇಪು ಮತ್ತು ದಾರ, 18 ನಿಮಿಷ. ತುದಿಯಲ್ಲಿ ಮಾರ್ಷ್‌ಮ್ಯಾಲೊ ಎಂಬ ಮೆತ್ತನೆಯ ಮಿಠಾಯಿ ಹೊತ್ತು ನಿಲ್ಲುವ ಗೋಪುರ ಕಟ್ಟಬೇಕು. ಇದನ್ನು ಹಲವು ಕಡೆ ನಡೆಸಿದ ಟಾಮ್ ವುಜೆಕ್ 2010ರಲ್ಲಿ ಹೇಳಿದಂತೆ, ಬಿಸಿನೆಸ್ ಸ್ಕೂಲಿನಿಂದ ಆಗಷ್ಟೇ ಹೊರಬಂದವರಿಗಿಂತ ಶಿಶುವಿಹಾರದ ಮಕ್ಕಳೇ ಮೇಲು. ದೊಡ್ಡವರು ಚರ್ಚಿಸಿ, ಯೋಜಿಸಿ, ಕೊನೆಯ ಗಳಿಗೆಯಲ್ಲಿ ಮಿಠಾಯಿ ಇಡುತ್ತಾರೆ. ಗೋಪುರ ಬಾಗುತ್ತದೆ. ಮಕ್ಕಳು ಮೊದಲಿನಿಂದಲೂ ಮಿಠಾಯಿ ಇಟ್ಟಿಟ್ಟು ನೋಡುತ್ತಾರೆ. ಎಲ್ಲರಿಗಿಂತ ಎತ್ತರ ಕಟ್ಟಿದವರು ವಾಸ್ತುಶಿಲ್ಪಿಗಳು ಮತ್ತು ಎಂಜಿನಿಯರುಗಳು ಎಂಬುದು ಸಮಾಧಾನದ ಸಂಗತಿ! ಇದು ತಂಡಗಳಿಗಾಗಿ ಮಾಡಿದ ಆಟ, ಸಂದರ್ಶನದ ಪರೀಕ್ಷೆಯಲ್ಲ. ಆದರೂ ಇಲ್ಲಿ ಕಂಠಪಾಠ ನಡೆಯುವುದಿಲ್ಲ.

ಸಂದರ್ಶನದಲ್ಲಿ ಸ್ಪಗೆಟ್ಟಿಯೇ ಬೇಕೆಂದಿಲ್ಲ. 'ಪಂಪ್ ಓಡುತ್ತಿದೆ, ನೀರು ಬರುತ್ತಿಲ್ಲ. ಮೊದಲು ಏನು ನೋಡುತ್ತೀರಿ?' ಎಂದು ಕೇಳಿದರೂ ಆಯಿತು. ಫುಟ್ ವಾಲ್ವ್ ಸೋರಿರಬಹುದು, ಪೈಪಿನಲ್ಲಿ ಗಾಳಿ ಸೇರಿರಬಹುದು, ತ್ರೀ ಫೇಸ್ ಮೋಟರ್ ಉಲ್ಟಾ ತಿರುಗುತ್ತಿರಬಹುದು. ಆದರೆ ಇವನ್ನೆಲ್ಲ ಪಟಪಟನೆ ಹೇಳುವವರಿಗಿಂತ, 'ನಿನ್ನೆ ನೀರು ಬರುತ್ತಿತ್ತಾ?' ಎಂದು ಮೊದಲು ಕೇಳುವವರಿಗೆ ನಾವು ಹೆಚ್ಚು ಅಂಕ ಕೊಡುತ್ತೇವೆ.